ಒಂದೂಕಾಲು ಟನ್ ಜನ

ನನ್ನ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಅರವತ್ತೊಂದು ಎಂದು ಬರೆದರು. ಅದು ನನ್ನ ವಯಸ್ಸಲ್ಲ. ಟೋಕನ್ ನಂಬರೂ ಅಲ್ಲ. ನನ್ನ ತೂಕ. ಸ್ಟೋರ್ಸಿನ ಮುಂದೆ ಕಬ್ಬಿಣ ತೂಗುವ ಯಂತ್ರವಿತ್ತು. ಅದರ ಮೇಲೆ ನಮ್ಮನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ತೂಗಿದರು. ಕಂಟ್ರಾಕ್ಟರ್ ಶಿವಮಲ್ಲಪ್ಪ ಮುಳ್ಳು ನೋಡಿ ಕೂಗುತ್ತಿದ್ದ. ಅವನ ರೈಟರ್ ನಮ್ಮ ಅಂಗಿಯ ಬೆನ್ನಿಗೆ ಬರೆಯುತ್ತಿದ್ದ. ಐವತ್ನಾಲ್ಕು ಬಂದವನೊಬ್ಬನ ಕೈಗೆ ಎಂಟು ಕೆಜಿಯ ಕಬ್ಬಿಣದ ತುಂಡು ಕೊಟ್ಟು, "ಇದ್ನ ತಬ್ಕಂಡು ನಿಂತ್ಕೊ, ಸರಿ ಹೋಯ್ತದೆ" ಎಂದ.

ನಾವು ಇಪ್ಪತ್ತು ಜನ. ಎಲ್ಲರೂ ಸೇರಿ ಒಂದು ಸಾವಿರದ ಇನ್ನೂರೈವತ್ತು ಕೆಜಿ ಆಗಬೇಕಿತ್ತು. ಆದೆವು.

ಇದು ತೊಂಬತ್ತೆಂಟನೇ ಇಸವಿಯ ಮಾತು. ಫ್ಯಾಕ್ಟರಿಯ ಹೆಸರು ಬೇಡ. ಹುಣಸೂರು ರಸ್ತೆಯಲ್ಲಿ, ಹೂಟಗಳ್ಳಿಯ ಹತ್ತಿರ ಎಂದರೆ ಸಾಕು. ದೊಡ್ಡ ದೊಡ್ಡ ಯಂತ್ರಗಳು ಕೂರುವ ಬೀಡುಕಬ್ಬಿಣದ ಪೀಠಗಳನ್ನು ಅಲ್ಲಿ ಎರಕ ಹೊಯ್ಯುತ್ತಿದ್ದರು. ಶೆಡ್ಡಿನ ಮೇಲ್ಗಡೆ ಈ ಗೋಡೆಯಿಂದ ಆ ಗೋಡೆಗೆ ಒಂದು ಕ್ರೇನು. ಐದು ಟನ್ ಎತ್ತುವಂಥದು. ವರ್ಷಕ್ಕೊಂದು ಸಲ ಅದನ್ನು ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಐದು ಟನ್ನಿನ ಕ್ರೇನಿಗೆ ಆರೂಕಾಲು ಟನ್ ನೇತುಹಾಕಿ, ತಡೆಯುತ್ತದೆಯೋ ಇಲ್ಲವೋ ನೋಡಬೇಕು. ತಡೆದರೆ ಅದರ ಹತ್ತಿರ ಕೆಲಸ ಮಾಡುವವರ ಜೀವಕ್ಕೆ ಅಪಾಯವಿಲ್ಲ ಎಂದು ಅರ್ಥ. ಫ್ಯಾಕ್ಟರಿಯಲ್ಲಿ ಐದು ಟನ್ನಿನ ಪೀಠವೊಂದಿತ್ತು. ಉಳಿದ ಒಂದೂಕಾಲು ಟನ್ನಿಗೆ ಅದರ ಮೇಲೆ ನಿಲ್ಲಲು ನಾವಿದ್ದೆವು.

ನಾವು ಎಂದರೆ ಕಂಟ್ರಾಕ್ಟ್ ಆಳುಗಳು. ಪರ್ಮನೆಂಟ್ ನೌಕರರಲ್ಲಿ ಯಾರೂ ಹತ್ತುತ್ತಿರಲಿಲ್ಲ. ಅವರು ಹಳದಿ ಗೆರೆಯ ಆಚೆ ಹೆಲ್ಮೆಟ್ಟು ಹಾಕಿಕೊಂಡು ನಿಂತು ನೋಡುತ್ತಿದ್ದರು. ನಮ್ಮಲ್ಲಿ ಹೆಚ್ಚಿನವರು ಇಲವಾಲದ ಸುತ್ತಮುತ್ತಲ ಕೇರಿಗಳಿಂದ ಬರುತ್ತಿದ್ದವರು. ಆಯುಧಪೂಜೆಯ ದಿನ ಕ್ರೇನಿನ ಹುಕ್ಕಿಗೆ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿದ್ದಾಗ ನನಗೆ, "ನೀನು ಮುಟ್ಬೇಡ ಕಣೋ, ದೂರ ನಿಂತ್ಕೊ" ಎಂದಿದ್ದರು. ಪೂಜೆಯ ದಿನ ಮುಟ್ಟಬಾರದು. ಪರೀಕ್ಷೆಯ ದಿನ ಅದಕ್ಕೇ ನೇತಾಡಬಹುದು.

ತೂಕ ಮಾಡಿಸಿಕೊಂಡು ಇಳಿದವನು ಎಂಜಿನಿಯರ್ ಮಹೇಶ್ ಅವರ ಹತ್ತಿರ ಹೋದೆ. ಅವರು ಇನ್ನೂ ಮೂವತ್ತರ ಒಳಗಿನವರು. ನಮ್ಮ ಜೊತೆ ನಗುತ್ತಾ ಮಾತಾಡುತ್ತಿದ್ದ ಮನುಷ್ಯ.

"ಸಾರ್, ಹಿತ್ಲಲ್ಲಿ ಸ್ಕ್ರಾಪು ರಾಶಿ ಬಿದ್ದದೆ. ಅದ್ನೇ ತೂಕ ಮಾಡಿ ಏರುದ್ರಾಗಲ್ವಾ?" ಎಂದೆ.

"ಆಗುತ್ತೆ ಲಿಂಗಯ್ಯ. ಆದ್ರೆ ಅದನ್ನ ಹೊರಬೇಕು, ತೂಗಬೇಕು, ಪೇರಿಸ್ಬೇಕು, ಕಟ್ಟಬೇಕು. ಆಮೇಲೆ ಇಳಿಸ್ಬೇಕು. ಅರ್ಧ ದಿವಸ ಪ್ರೊಡಕ್ಷನ್ ಹೋಗುತ್ತೆ. ನೀವಾದ್ರೆ ನೀವೇ ಹತ್ತೀರ, ನೀವೇ ಇಳೀತೀರ."

ಅವರು ತಮಾಷೆಗೆ ಹೇಳಲಿಲ್ಲ. ಲೆಕ್ಕ ಸರಿಯಾಗಿದೆ ಎಂಬ ಮುಖದಲ್ಲೇ ಹೇಳಿದರು. ಅದಕ್ಕೇ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಕೆಟ್ಟವನ ಹತ್ತಿರ ಜಗಳ ಆಡಬಹುದು. ಇವರ ಹತ್ತಿರ ಏನು ಆಡುವುದು?

ನಾನು ಧೈರ್ಯಸ್ಥನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲಿಂಗಯ್ಯ ಹೋರಾಟ ಮಾಡಿದ ಎಂದು ಆಮೇಲೆ ಕೆಲವರು ಹೇಳಿಕೊಂಡು ತಿರುಗಿದರು. ಸುಳ್ಳು. ಹದಿನೈದು ದಿನದಿಂದ ಮುದ್ದೆ ಗಂಟಲಲ್ಲಿ ಇಳಿದಿರಲಿಲ್ಲ. ಅದಕ್ಕೆ ಕಾರಣ ನನ್ನ ಭಾವ ಕೆಂಪಯ್ಯ, ನನ್ನ ಹೆಂಡತಿ ಬೆಟ್ಟಮ್ಮನ ಅಣ್ಣ.

ಹಿಂದಿನ ವರ್ಷದ ಪರೀಕ್ಷೆಯಲ್ಲಿ ನಾವಿಬ್ಬರೂ ಹತ್ತಿದ್ದೆವು. ಭಾವ ಅಂಚಿನಲ್ಲಿ ನಿಂತಿದ್ದ. ಪೀಠ ಒಂದಾಳೆತ್ತರ ಏರಿತು. ಕ್ರೇನು ನಿಂತಿತು. ನಿಂತ ಮೇಲೆ ಜಾರಿತು. ಒಂದು ಮೊಳ ಅಷ್ಟೇ. ಮೇಲಿನಿಂದ ಒಂದು ಸದ್ದು ಬಂತು, ಕಾಲ ಕೆಳಗೆ ಕಬ್ಬಿಣ ಇಲ್ಲವಾಯಿತು, ಮತ್ತೆ ದಡ್ ಎಂದು ಕಾಲಿಗೆ ಬಡಿಯಿತು. ನಾನು ಪೀಠ ಕಟ್ಟಿದ ಹಗ್ಗ ಹಿಡಿದಿದ್ದೆ. ಭಾವ ಹಿಡಿದಿರಲಿಲ್ಲ. ಸಿಮೆಂಟಿನ ನೆಲಕ್ಕೆ ಸೊಂಟ ಬಡಿದು ಬಿದ್ದ. ಅವನನ್ನು ಎತ್ತಿ ಹೊರಗೆ ಸಾಗಿಸಿದ ಮೇಲೆ ಪೀಠವನ್ನು ಇನ್ನೊಂದು ಸಲ ಎತ್ತಿದರು. ಈ ಸಲ ಜಾರಲಿಲ್ಲ. ಪರೀಕ್ಷಕರು ಸಹಿ ಹಾಕಿದರು. ದೊಡ್ಡಾಸ್ಪತ್ರೆಯಲ್ಲಿ ಸೈಕಲ್ಲಿಂದ ಬಿದ್ದ ಎಂದು ಬರೆಸಿದರು. ಭಾವನಿಗೆ ಸೈಕಲ್ ಹೊಡೆಯಲು ಬರುವುದೇ ಇಲ್ಲ.

ಈಗ ಅವನು ನಮ್ಮ ಮನೆಯ ಜಗುಲಿಯ ಮೇಲೆ ಇರುತ್ತಾನೆ. ಕೂರಲು ಇಬ್ಬರು ಹಿಡಿಯಬೇಕು. ಆ ಬೆಳಗ್ಗೆ ನಾನು ಹೊರಡುವಾಗ ಕರೆದು ಹೇಳಿದ:

"ಅಂಚ್ಗೆ ನಿಂತ್ಕಬೇಡ ಕಣಪ್ಪ. ನಡುಕ್ಕೆ ಓಗು. ಎರಡೂ ಕೈಲಿ ಅಗ್ಗ ಇಡ್ಕೊ."

ಹೂಂ ಎಂದೆ.

ಪರೀಕ್ಷೆಯ ದಿನ ತೂಗುವುದಕ್ಕೆ ಮೊದಲು ನಮಗೆ ಫ್ಯಾಕ್ಟರಿಯಿಂದ ತಿಂಡಿ. ಉಪ್ಪಿಟ್ಟು, ಕೇಸರಿಬಾತು. ಬೇರೆ ದಿನ ಕ್ಯಾಂಟೀನಿನ ಹತ್ತಿರ ಸುಳಿದರೆ ಗದರುವ ಜನ ಅಂದು ಎಷ್ಟು ಬೇಕಾದರೂ ಬಡಿಸುತ್ತಾರೆ. ಒಳಗಲ್ಲ, ಹೊರಗೆ ಬೇಲಿಯ ಹತ್ತಿರ, ಎಲೆಯಲ್ಲಿ. "ತಿನ್ರೋ, ತಿನ್ರೋ, ತೂಕ ಕಮ್ಮಿ ಬರಬಾರ್ದು" ಎಂದು ಶಿವಮಲ್ಲಪ್ಪ ಓಡಾಡುತ್ತಿದ್ದ. ಮಾರಿಗೆ ಬಿಟ್ಟ ಹೋತಕ್ಕೆ ಸೊಪ್ಪು ತಿನ್ನಿಸುವುದನ್ನು ನಾನು ಕಂಡವನು. ಕೇಸರಿಬಾತು ಕೈಯಲ್ಲಿ ಹಿಡಿದು ಕೂತಿದ್ದೆ, ತಿನ್ನಲಾಗಲಿಲ್ಲ.

ಹತ್ತು ಗಂಟೆಗೆ ಪರೀಕ್ಷಕ ವೆಂಕಟಸುಬ್ಬಯ್ಯ ಕಾರಿನಲ್ಲಿ ಬಂದರು. ವಯಸ್ಸಾದವರು, ಹಣೆಯಲ್ಲಿ ನಾಮ, ಕೈಯಲ್ಲಿ ಚರ್ಮದ ಚೀಲ. ನಮ್ಮನ್ನು ಹತ್ತಿಸಿದರು.

ಪೀಠ ಹತ್ತಡಿ ಉದ್ದ, ನಾಲ್ಕಡಿ ಅಗಲ. ಮರದ ದಿಮ್ಮಿಗಳ ಮೇಲೆ ಕೂತಿತ್ತು. ನಾಲ್ಕು ಮೂಲೆಗೂ ಉಕ್ಕಿನ ಹಗ್ಗ ಬಿಗಿದು ಮೇಲೆ ಹುಕ್ಕಿಗೆ ಸೇರಿಸಿದ್ದರು. ಹಗ್ಗದ ಎಳೆಗಳು ಅಲ್ಲಲ್ಲಿ ಕಿತ್ತು ಮುಳ್ಳಿನಂತೆ ಹೊರಗೆ ಬಂದಿದ್ದವು. ಹಿಡಿದರೆ ಅಂಗೈಗೆ ಚುಚ್ಚುತ್ತಿದ್ದವು. ಹತ್ತಿದ ಕೂಡಲೇ ಇಪ್ಪತ್ತು ಜನವೂ ನಡುವಿನ ಜಾಗಕ್ಕೆ ತಳ್ಳಾಡಿದೆವು. ಭಾವನಿಗೆ ಆದದ್ದು ಎಲ್ಲರಿಗೂ ಗೊತ್ತಿತ್ತು. ಮೊಣಕೈಯಲ್ಲಿ ತಿವಿದಾಡಿದೆವು. ಅಕ್ಕಪಕ್ಕದ ಕೇರಿಗಳವರು, ಒಬ್ಬರ ಮನೆಯ ಸಾವಿಗೆ ಒಬ್ಬರು ಹೆಗಲು ಕೊಟ್ಟವರು. ನಾನು ಪಕ್ಕದವನನ್ನು ಅಂಚಿಗೆ ನೂಕಿ ನಡುವಿಗೆ ಸೇರಿಕೊಂಡೆ. ನನಗೆ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಮೇಲೆ ಕ್ರೇನಿನ ಗೂಡಿನಲ್ಲಿ ಆಪರೇಟರ್ ಸಿದ್ದಲಿಂಗಸ್ವಾಮಿ ಕೂತಿದ್ದರು. ಮೈಸೂರಿನ ಅಗ್ರಹಾರದ ಕಡೆಯವರು, ವಿಭೂತಿ ಹಚ್ಚದೆ ಗೂಡು ಹತ್ತಿದವರಲ್ಲ. ಕ್ರೇನು ನಡೆಸುವ ಮೊದಲು ಗಂಟೆ ಬಾರಿಸಬೇಕು. ಅವರು ಬಾರಿಸಿದರು.

ಗಂಟೆ ಕೇಳಿದ ಕೂಡಲೇ ನನಗೆ ಉಚ್ಚೆ ಹೋಯಿತು.

ತಡೆಯಲು ಆಗಲಿಲ್ಲ. ಬಿಸಿಯಾಗಿ ತೊಡೆಗಳಲ್ಲಿ ಇಳಿದು ಪೀಠದ ಮೇಲೆ ಹರಿಯಿತು. ಪಕ್ಕದವನು ಕಾಲು ಎತ್ತಿದ. ಹಳದಿ ಗೆರೆಯ ಆಚೆ ನಿಂತವರಲ್ಲಿ ಯಾರೋ ನಕ್ಕರು. ಶಿವಮಲ್ಲಪ್ಪ ಬಗ್ಗಿ ನೋಡಿದ.

"ಅಯ್ ಥೂ! ಏನ್ಲಾ ಇದು? ಅರ್ಧ ಕೆಜಿ ಕಮ್ಮಿ ಆಯ್ತಲ್ಲೋ!"

ಎಲ್ಲರೂ ನಕ್ಕರು. ಪೀಠದ ಮೇಲಿದ್ದ ನಮ್ಮವರೂ ನಕ್ಕರು. ನಾನು ಹಗ್ಗ ಬಿಟ್ಟೆ. ಜನರ ನಡುವೆ ತೂರಿಕೊಂಡು ಅಂಚಿಗೆ ಬಂದು ಕೆಳಗೆ ಇಳಿದೆ. ದಿಮ್ಮಿ ಹಿಡಿದು ನಿಂತೆ.

"ಹತ್ತಲಾ."

"ಇಲ್ಲ ಯಜಮಾನ್ರೆ."

"ಹತ್ತಲಾ ಅಂದೆ."

"ನಂಗೆ ಎದ್ರಿಕೆ ಆಯ್ತದೆ. ನಾ ಅತ್ತಾಕಿಲ್ಲ."

"ಎದ್ರಿಕೆಯಂತೆ! ಗಂಡಸೇನ್ಲಾ ನೀನು?"

ನಾನು ಪರೀಕ್ಷಕರ ಕಡೆ ತಿರುಗಿದೆ. ನನ್ನ ಧ್ವನಿ ಕೀರಲಾಗಿ ಬಂತು.

"ಸಾರ್, ಓದ್ಸಲ ಇದು ಜಾರ್ತು. ನಮ್ ಭಾವನ ಸೊಂಟ ಓಯ್ತು. ಬರ್ಕಂಡ್ರಾ? ಈಗ ನಾ ಉಚ್ಚೆ ಉಯ್ಕಂಡಿವ್ನಿ. ಇದ್ನಾದ್ರೂ ಬರ್ಕಳಿ."

ವೆಂಕಟಸುಬ್ಬಯ್ಯನವರು ಕನ್ನಡಕ ತೆಗೆದು ಒರೆಸಿದರು. ನನ್ನನ್ನು ನೋಡಲಿಲ್ಲ. ಮಹೇಶ್ ಅವರ ಕಡೆ ತಿರುಗಿ, "ಒಬ್ಬ ಕಮ್ಮಿ ಆದನಲ್ಲ, ತೂಕ ಪೂರ್ತಿ ಇರಬೇಕು ಕಣ್ರೀ" ಎಂದರು.

ಶಿವಮಲ್ಲಪ್ಪ ನನ್ನ ಕತ್ತಿನ ಪಟ್ಟಿ ಹಿಡಿದು ಬಾಗಿಲವರೆಗೆ ಎಳೆದುಕೊಂಡು ಹೋದ. "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ" ಎಂದು ತಳ್ಳಿದ. ವಾಚ್‌ಮನ್ ನನ್ನನ್ನು ಗೇಟಿನ ಹೊರಗೆ ಬಿಟ್ಟ.

ಹೊರಗೆ ಬಂದಾಗ ನನಗೆ ಏನನ್ನಿಸಿತು ಎಂದರೆ, ಉಳಿದೆ ಅನ್ನಿಸಿತು. ಕೆಲಸ ಹೋಯಿತು ಎಂಬುದು ತಲೆಗೇ ಬರಲಿಲ್ಲ. ಬಿಸಿಲು ಚೆನ್ನಾಗಿತ್ತು. ಪಂಚೆ ಒಣಗಲಿ ಎಂದು ಕಾಂಪೌಂಡಿನ ಗೋಡೆಗೆ ಒರಗಿ ನಿಂತೆ. ರಸ್ತೆಯ ಆಚೆ ಬಸ್ ಸ್ಟಾಪು. ಇಲವಾಲದ ಬಸ್ಸು ಬಂದರೆ ಹತ್ತಿ ಹೋಗಿಬಿಡುವುದು.

ಗೇಟಿನ ಹತ್ತಿರ ಆಗ ಏಳೆಂಟು ಜನ ಕೂಲಿಗೆ ಕಾದಿದ್ದರು. ದಿನಾ ಕಾಯುತ್ತಿದ್ದರು. ಶಿವಮಲ್ಲಪ್ಪನ ರೈಟರ್ ಒಳಗಿಂದ ಓಡಿ ಬಂದ.

"ಅರವತ್ತು ಕೆಜಿ ಮೇಲಿರೋರು ಯಾರಿದ್ದೀರ್ರೋ? ಒಬ್ರು ಬೇಕು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸಕ್ಕೆ ಕೈ ನೋಡುವುದು, ತೋಳು ನೋಡುವುದು ಅವರಿಗೆ ಗೊತ್ತಿತ್ತು. ತೂಕ ಯಾರೂ ಕೇಳಿರಲಿಲ್ಲ. ಬಿಳಿಕೆರೆ ಕಡೆಯ ಚಿಕ್ಕಣ್ಣ ಎಂಬವನು ಮುಂದೆ ಬಂದ. ಗಟ್ಟಿ ಆಳು. ವಾರದಿಂದ ದಿನವೂ ಬಂದು ಬರಿಗೈಯಲ್ಲಿ ಹೋಗುತ್ತಿದ್ದ. ಅವನ ಬೆನ್ನಿನ ಮೇಲೆ ರೈಟರ್ ಅಲ್ಲೇ ಅಂದಾಜಿನಲ್ಲಿ ಒಂದು ನಂಬರು ಗೀಚಿದ.

ನಾನು ಹೋಗಿ ಅವನ ಕೈ ಹಿಡಿದೆ.

"ಓಗ್ಬೇಡ ಕಣಣ್ಣ. ಕ್ರೇನ್ಗೆ ನೇತಾಕ್ತಾರೆ. ಓದ್ವರ್ಷ ಒಬ್ಬ ಬಿದ್ದವ್ನೆ."

"ಸುಮ್ಕೆ ನಿಂತ್ಕಂಡಿದ್ರೆ ಸಾಕಂತಲ್ಲ. ನಿಂಗ್ಯಾಕೆ ಒಟ್ಟೆ ಉರಿ?" ಎಂದು ಕೈ ಕೊಸರಿಕೊಂಡ. ನನ್ನ ಒದ್ದೆ ಪಂಚೆ ನೋಡಿ ಮೂಗು ಮುರಿದ. ಒಳಗೆ ಹೋದ. ರೈಟರ್ ಅವಸರದಲ್ಲಿ ಗೇಟು ಪೂರ್ತಿ ಎಳೆಯಲಿಲ್ಲ.

ಅಲ್ಲಿಯವರೆಗೂ ನನಗೆ ಹೊಳೆದಿರಲಿಲ್ಲ. ನಾನು ಇಳಿದರೆ ಪೀಠದ ಮೇಲೆ ನನ್ನಷ್ಟು ಜಾಗ ಖಾಲಿಯಾಗುತ್ತದೆ ಎಂದುಕೊಂಡಿದ್ದೆ. ಖಾಲಿ ಬಿಡುತ್ತಾರೆಯೇ? ಗೇಟಿನ ಹೊರಗೆ ನಮ್ಮಂಥವರ ರಾಶಿಯೇ ಬಿದ್ದಿತ್ತು. ಹೊಸಬನಿಗೆ ನಡುವೆ ಜಾಗ ಯಾರು ಕೊಡುತ್ತಾರೆ? ಅವನು ಅಂಚಿನಲ್ಲಿ ನಿಲ್ಲುತ್ತಾನೆ. ಹಗ್ಗ ಹಿಡಿಯಬೇಕು ಎಂದು ಅವನಿಗೆ ಯಾರು ಹೇಳುತ್ತಾರೆ?

ಬಸ್ಸು ಬಂದು ನಿಂತಿತು. ಹತ್ತಬಹುದಿತ್ತು. ದೇವರಾಣೆಗೂ ಹತ್ತಬೇಕು ಅನ್ನಿಸಿತು. ಆಗ ಶೆಡ್ಡಿನಿಂದ ಗಂಟೆ ಕೇಳಿಸಿತು.

ಓಡಿದೆ. ವಾಚ್‌ಮನ್ ಕೂಗಿದ, ನಿಲ್ಲಲಿಲ್ಲ. ಕ್ರೇನಿನ ಮೇನ್ ಸ್ವಿಚ್ಚು ಶೆಡ್ಡಿನ ಬಾಗಿಲ ಪಕ್ಕದ ಕಂಬದಲ್ಲಿದೆ. ಅಲ್ಲಿಗೆ ನೂರು ಹೆಜ್ಜೆ. ಓಡುತ್ತಲೇ ಇನ್ನೊಂದು ಹೆದರಿಕೆ ಹಿಡಿದುಕೊಂಡಿತು. ಪೀಠ ನೆಲ ಬಿಟ್ಟ ಮೇಲೆ ನಾನು ಕರೆಂಟು ತೆಗೆದರೆ? ಬ್ರೇಕು ಹಿಡಿಯದಿದ್ದರೆ? ಆಗ ಇಪ್ಪತ್ತು ಜನರನ್ನು ಕೆಡವಿದವನು ನಾನೇ. ಬಾಗಿಲಿಗೆ ಬಂದಾಗ ಹಗ್ಗಗಳು ಬಿಗಿಯುತ್ತಿದ್ದವು. ಪೀಠದ ಒಂದು ಮೂಲೆ ದಿಮ್ಮಿಯ ಮೇಲೆ ಕಿರ್ ಎಂದು ಸರಿಯಿತು. ಚಿಕ್ಕಣ್ಣ ಅಂಚಿನಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ.

ಕಣ್ಣು ಮುಚ್ಚಿ ಹಿಡಿಯನ್ನು ಕೆಳಗೆ ಎಳೆದೆ.

ಸದ್ದು ನಿಂತಿತು. ಕಣ್ಣು ಬಿಟ್ಟು ನೋಡಿದೆ. ಪೀಠ ದಿಮ್ಮಿಯ ಮೇಲೇ ಇತ್ತು. ನಾನು ಸ್ವಿಚ್ಚಿನ ಪೆಟ್ಟಿಗೆಯನ್ನು ಕಂಬದ ಸಮೇತ ತಬ್ಬಿಕೊಂಡೆ.

ಶಿವಮಲ್ಲಪ್ಪ ಬಂದು ಕೆನ್ನೆಗೆ ಹೊಡೆದ. ಎರಡನೆಯದು ಕಿವಿಗೆ ಬಿತ್ತು. ಬೆನ್ನಿಗೆ ಒದ್ದ. ಬಿಡಿಸಲು ನೋಡಿದ. ನಾನು ಬಿಡಲಿಲ್ಲ. ಧೈರ್ಯದಿಂದಲ್ಲ. ಬಿಟ್ಟರೆ ಬಿದ್ದುಬಿಡುತ್ತಿದ್ದೆ.

"ಪೊಲೀಸ್‌ಗೆ ಫೋನ್ ಮಾಡ್ತೀನಿ ಲಿಂಗಯ್ಯ" ಎಂದರು ಮಹೇಶ್.

"ಮಾಡಿ ಸಾರ್. ಅವ್ರೂ ಬಂದ್ ನೋಡ್ಲಿ. ಎಲ್ರೂ ಇಳಿಯೋಗಂಟ ನಾ ಬುಡಾಕಿಲ್ಲ. ನನ್ ಕೈ ಕಡುದ್ರೂ ಬುಡಾಕಿಲ್ಲ."

"ನಿನಗೇನಪ್ಪಾ ತೊಂದರೆ? ನಿನ್ನ ಬಿಟ್ಟುಬಿಟ್ವಲ್ಲ?" ಎಂದರು ಪರೀಕ್ಷಕರು. ಮೊದಲ ಸಲ ನನ್ನ ಜೊತೆ ಮಾತಾಡಿದರು. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ.

"ಸಾರ್, ನಿಮ್ ಮಗನ್ನ ಅಲ್ಲಿ ನಿಲ್ಲುಸ್ತೀರಾ?"

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಆಗ ಮೇಲಿನ ಏಣಿಯ ಮೇಲೆ ಕಾಲ ಸದ್ದು ಕೇಳಿತು. ಸಿದ್ದಲಿಂಗಸ್ವಾಮಿ ಇಳಿದು ಬರುತ್ತಿದ್ದರು. ನಿಧಾನಕ್ಕೆ ಇಳಿದು ಮಹೇಶ್ ಅವರ ಮುಂದೆ ನಿಂತರು. ಅವರ ಮುಖವೂ ಬೆವೆತಿತ್ತು.

"ಬ್ರೇಕ್ ಸರಿ ಇಲ್ಲ ಅಂತ ಮೂರು ಸಲ ಬರ್ದು ಕೊಟ್ಟಿದ್ದೀನಿ ಸಾರ್. ಕಬ್ಬಿಣ ಹೇರಿ, ಎತ್ತೀನಿ. ಜನಾನ ಎತ್ತಲ್ಲ."

"ಹೋದ ವರ್ಷ ಎತ್ತಿದ್ರಲ್ಲ ಸ್ವಾಮಿ?"

"ಎತ್ತಿದ್ದೆ" ಎಂದರು. ಅಷ್ಟೇ. ತಲೆ ಬಗ್ಗಿಸಿದರು.

ಆ ದಿನ ಅವರು ಇಳಿದು ಬಂದದ್ದಕ್ಕೆ ನಾನು ಋಣಿ ಎಂದು ಜನ ಹೇಳುತ್ತಾರೆ. ಇರಬಹುದು. ಆದರೆ ಮೂರು ಸಲ ಬರೆದುಕೊಟ್ಟ ಆ ಕೈಯೇ ನನ್ನ ಭಾವನನ್ನು ಎತ್ತಿತ್ತು. ಅದನ್ನು ನಾನು ಮರೆಯಲಾರೆ.

ಕ್ರೇನು ನಡೆಸುವವನೇ ಇಲ್ಲ ಎಂದ ಮೇಲೆ ಪೀಠದ ಮೇಲೆ ನಿಂತವರು ಒಬ್ಬೊಬ್ಬರಾಗಿ ಇಳಿದರು. ಕೊನೆಯಲ್ಲಿ ಚಿಕ್ಕಣ್ಣ ಇಳಿದ. ನಾನು ಕಂಬ ಬಿಟ್ಟೆ. ವಾಚ್‌ಮನ್ನು, ರೈಟರು ಸೇರಿ ನನ್ನನ್ನು ಎತ್ತಿಕೊಂಡು ಹೋಗಿ ಗೇಟಿನ ಹೊರಗೆ ಹಾಕಿದರು. ಪೊಲೀಸರಿಗೆ ಯಾರೂ ಫೋನ್ ಮಾಡಲಿಲ್ಲ. ಮಾಡಿದ್ದರೆ ಅವರಿಗೂ ಆ ಪೀಠ ತೋರಿಸಬೇಕಿತ್ತಲ್ಲ.

ನಾನು ಮನೆಗೆ ಹೋಗಲಿಲ್ಲ. ಸಂಜೆಯವರೆಗೂ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತೆ. ಬಂದ ಬಸ್ಸುಗಳನ್ನೆಲ್ಲ ಬಿಟ್ಟೆ. ಒಳಗೆ ಕಬ್ಬಿಣ ಬೀಳುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನವಿಡೀ ಕೇಳಿತು. ಬಿಸಿಲಲ್ಲಿ ಕಾದ ಸ್ಕ್ರಾಪನ್ನು ಹಿತ್ತಿಲಿನಿಂದ ಹೊತ್ತು ತಂದು ಪೇರಿಸುವವರು ಯಾರು ಎಂದು ನನಗೆ ಗೊತ್ತಿತ್ತು. ನಾಲ್ಕೂವರೆಗೆ ಗಂಟೆ ಕೇಳಿಸಿತು. ನಾನು ಎದ್ದು ನಿಂತೆ. ಕಿವಿ ಅಲ್ಲೇ ಇಟ್ಟೆ. ಒಂದು ನಿಮಿಷ, ಎರಡು ನಿಮಿಷ. ದಡ್ ಎಂಬ ಸದ್ದಿಗೆ ಕಾದೆ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಪರೀಕ್ಷಕರ ಕಾರು ಹೊರಗೆ ಬಂದು ಮೈಸೂರಿನ ಕಡೆಗೆ ಹೋಯಿತು.

ಐದೂವರೆಗೆ ನಮ್ಮವರು ಹೊರಗೆ ಬಂದರು. ಬಟ್ಟೆಯೆಲ್ಲ ತುಕ್ಕು. ನನ್ನನ್ನು ಕಂಡೂ ಕಾಣದವರಂತೆ ದಾಟಿದರು. ನಾನು ಬೆಳಗ್ಗೆ ಅಂಚಿಗೆ ನೂಕಿದ್ದವನು ಮಾತ್ರ ನಿಂತು, "ನಿನ್ ಮನೆ ಆಳಾಗ. ನಿಂತ್ಕಂಡು ಇಳ್ಯೋ ಕೆಲ್ಸಕ್ಕೆ ಸೊಂಟ ಮುರ್ಸ್ಬುಟ್ಟಲ್ಲೋ" ಎಂದು ಉಗಿದು ಹೋದ.

ಎಲ್ಲರಿಗಿಂತ ಹಿಂದೆ ಚಿಕ್ಕಣ್ಣ ಬಂದ. ಎರಡೂ ಅಂಗೈಗೆ ಹರಕು ಬಟ್ಟೆ ಸುತ್ತಿಕೊಂಡಿದ್ದ. ರಕ್ತ ಒಸರಿ ಬಟ್ಟೆ ಕಪ್ಪಾಗಿತ್ತು. ನೇರವಾಗಿ ನನ್ನ ಹತ್ತಿರವೇ ಬಂದ.

"ಏನಾಯ್ತು?" ಎಂದೆ.

"ಏನಾಯ್ತದೆ? ಎತ್ತುದ್ರು, ಇಳ್ಸುದ್ರು. ಒಂದ್ ಕೂದ್ಲೆಳೆನೂ ಜಾರ್ನಿಲ್ಲ. ಆ ನಾಮದ ಅಯ್ನೋರು ಸಹಿ ಆಕುದ್ರು, ಓದ್ರು." ಅವನ ಧ್ವನಿ ಏರಿತು. "ಏನೂ ಆಗ್ನಿಲ್ಲ ಕಣೋ! ಸುಮ್ಕೆ ಎದ್ರುಕಂಡು ಎಲ್ರುನ್ನೂ ಎದ್ರುಸ್ದೆ. ನೋಡಿಲ್ಲಿ ನನ್ ಕೈಯ. ನಾಳೆ ಈ ಕೈಗೆ ಯಾವನ್ ಕೂಲಿ ಕೊಟ್ಟಾನು? ಎದ್ರುಪುಕ್ಲ! ರಣಹೇಡಿ ನನ್ಮಗ್ನೆ!"

ಅವನ ಕೈ ನೋಡಿದೆ. ಕಾಲು ನೋಡಿದೆ. ಅವನು ನೆಟ್ಟಗೆ ನಿಂತಿದ್ದ. ಸೊಂಟ ನೆಟ್ಟಗಿತ್ತು.

"ಹೂಂ ಕಣಣ್ಣ, ಎದ್ರುಕಂಡೆ" ಎಂದೆ. "ಬದ್ಕಿದ್ದೀಯಲ್ಲ. ಬಯ್ಯಿ. ಎಷ್ಟ್ ಬೇಕಾದ್ರೂ ಬಯ್ಯಿ."

ಅವನು ಬೈದ. ನನ್ನ ತಾಯಿಯನ್ನು ಬೈದ, ನನ್ನ ಕೇರಿಯನ್ನು ಬೈದ. ಬಸ್ಸಿನಲ್ಲಿ ನನ್ನ ಪಕ್ಕದ ಕಂಬಿಗೆ ಒರಗಿ ನಿಂತು, ನಾನು ಇಲವಾಲದಲ್ಲಿ ಇಳಿಯುವವರೆಗೂ ಬೈದ. ಒಂದೂ ಬಿಡದೆ ಕೇಳಿಸಿಕೊಂಡೆ.